ಮೂಗು ರಜೆ ಹಾಕಿದ ದಿನ

ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯಲ್ಲಿ
ನನ್ನದು ಮೂಗಿನ ಕೆಲಸ.
ಹದಿನೇಳು ಸೀಸೆ, ಒಂದು ತಕ್ಕಡಿ.
ಮರುಗ ಹೆಚ್ಚಾಯಿತೇ, ಕೇದಗೆ ಕಮ್ಮಿಯಾಯಿತೇ
ಹೇಳಬೇಕು.
ಹೇಳಿದ್ದಕ್ಕೆ ಸಂಬಳ.

ಭಾನುವಾರದಿಂದ ನೆಗಡಿ.
ಮಲ್ಲಿಗೆಯ ಸೀಸೆಯೂ ಸೀಮೆಎಣ್ಣೆ ಡಬ್ಬವೂ
ನನಗೀಗ ಒಂದೇ ಜಾತಿ.
ಮೇಸ್ತ್ರಿ ಪುಟ್ಟಮಾದಪ್ಪ ನಕ್ಕುಬಿಟ್ಟರು:
"ಮೂಗೇ ಇಲ್ಲದ ಮೇಲೆ ನೀನಿದ್ದು ಏನವ್ವ ಮಾಡ್ತೀಯ?
ಮನೇಗೋಗು. ಅದು ಬಂದ ಮೇಲೆ
ಅದರ ಜೊತೇಲಿ ಬಾ."

ಹೀಗೆ ಬುಧವಾರ ಹನ್ನೆರಡೂವರೆಗೆ
ನಾನು ನನ್ನ ಮನೆಯಲ್ಲಿದ್ದೆ.
ಈ ಹೊತ್ತಿನ ಬಿಸಿಲು ಅಡುಗೆಮನೆಯಲ್ಲಿ ಎಲ್ಲಿ ಬೀಳುತ್ತದೆಂದು
ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ.
ಸಿಂಕಿಗೆ ಬಿದ್ದು, ಉಪ್ಪಿನ ಭರಣಿಯವರೆಗೆ ಬಂದು
ಅಲ್ಲೇ ಕೂತುಬಿಡುತ್ತದೆ,
ಹೇಳದೆ ಬಂದ ನೆಂಟರ ಹಾಗೆ.

ಮಧ್ಯಾಹ್ನದ ಊಟವೆಂದರೆ ನನಗೆ ಡಬ್ಬಿ.
ಬೆಳಗ್ಗೆ ಆರೂಕಾಲಿಗೇ ಮುಚ್ಚಳ ಬಿಗಿದ ಚಿತ್ರಾನ್ನ,
ತೆರೆದರೆ ಅದಕ್ಕೂ ಗಂಧದ ವಾಸನೆ.
"ನಾವು ತಿನ್ನೋದೆಲ್ಲ ನೈವೇದ್ಯಾನೇ ಕಣೇ"
ಎನ್ನುತ್ತಾಳೆ ಪಕ್ಕದ ಮಣೆಯ ಸಫೂರಾ.

ಇವತ್ತು ಬಿಸಿಯಾದ್ದು ಬೇಕೆನಿಸಿತು,
ಒಲೆಯಿಂದ ಇಳಿದ ಕೂಡಲೇ.
ಬೇಕೆನಿಸಿದ್ದು ನನಗೆ, ಮಾಡಬೇಕಾದವಳೂ ನಾನೇ.
ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡೆವು.

ನಾಲ್ಕು ಟೊಮೆಟೊ, ಅದರಲ್ಲೊಂದು ತೀರಾ ಮೆತ್ತಗೆ.
ಅರ್ಧ ಕ್ಯಾರೆಟ್, ಹಿಡಿ ಹೆಸರುಬೇಳೆ,
ಬೆಳ್ಳುಳ್ಳಿ ಎಷ್ಟೆಂದು ಎಣಿಸಲಿಲ್ಲ.
ಕುಕ್ಕರು ಮೂರು ಸಲ ಕೂಗಿತು.
ಮಸೆದು, ಸೋಸಿ, ಮತ್ತೆ ಒಲೆಗಿಟ್ಟು
ಮೆಣಸು ಕುಟ್ಟುವಾಗ
ಕೆ.ಎಂ. ದೊಡ್ಡಿಯಿಂದ ಅವ್ವ ಫೋನಿನಲ್ಲೇ ಬೈದಳು:
"ಅದಕ್ಕೊಂದು ಒಗ್ಗರಣೆ ಕೊಟ್ಟು
ಸಾರು ಅನ್ನಬಾರದೇನೇ?"
ಅನ್ನಬಹುದವ್ವ.
ಆದರೆ ಸಾರಿಗೆ ಅನ್ನ ಬೇಕು, ಅನ್ನಕ್ಕೆ ಪಲ್ಯ,
ಪಲ್ಯಕ್ಕೆ ಎದುರಿಗೆ ಯಾರಾದರೂ ಒಬ್ಬರು.
ಸೂಪಿಗೆ ಒಂದು ಲೋಟ ಸಾಕು.

ಆಮೇಲೆ ಅಟ್ಟದಿಂದ ಇಳಿಸಿದೆ
ಸ್ಯಾಂಡ್‌ವಿಚ್ ಇಕ್ಕಳ.
ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದು.
"ಮೂರೇ ನಿಮಿಷ ಅಕ್ಕಾ, ಮೂರೇ ನಿಮಿಷ"
ಎಂದು ಕೂಗಿ ಕೂಗಿ ಗಂಟಲು ಒಡೆದಿದ್ದ ಹುಡುಗ
ಒಂದು ಮೂಲೆ ಕತ್ತರಿಸಿ ಕೈಗಿಟ್ಟಿದ್ದ.
ಆ ಮೂಲೆಯ ಆಸೆಗೆ ಇನ್ನೂರೈವತ್ತು ಕೊಟ್ಟು
ಮನೆಗೆ ತಂದು, ಎರಡು ಸಲ ಮಾಡಿ ಮರೆತಿದ್ದೆ.
ಕೊಂಡಿ ಮುರಿದಿದೆ. ಹಿಡಿಗೆ ದಾರ ಸುತ್ತಿದೆ,
ಊದುಬತ್ತಿಯ ಕಟ್ಟು ಕಟ್ಟುವ ದಾರ,
ಸೆರಗಿಗೆ ಅಂಟಿಕೊಂಡು ಮನೆತನಕ ಬಂದದ್ದು.

ಒಂಟಿಕೊಪ್ಪಲಿನ ಅಯ್ಯಂಗಾರ್ ಬೇಕರಿಯ ಬ್ರೆಡ್ಡು, ನಿನ್ನೆಯದು.
ಬೆಳಗ್ಗೆ ಉಳಿದ ಆಲೂಗಡ್ಡೆ ಪಲ್ಯ.
ಈರುಳ್ಳಿಯ ಎರಡು ಬಳೆ.
ಹೊರಮೈಗೆ ಬೆಣ್ಣೆ, ಕೈತುಂಬ.
ಉರಿಯ ಮೇಲೆ ಹಿಡಿದೆ, ಮಗುಚಿದೆ, ಹಿಡಿದೆ.

ಸೀದಿತೋ ಇಲ್ಲವೋ ಹೇಳುವವರು ಯಾರು?
ಕಿವಿಗೊಟ್ಟು ಕೇಳಿದೆ.
ಮೊದಲು ಬೆಣ್ಣೆ ಚುರ್ ಚುರ್ ಎಂದಿತು,
ಆಮೇಲೆ ಪಿಸುಪಿಸು,
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದೇ ಹದ ಎಂದುಕೊಂಡೆ.
ಸ್ವಲ್ಪ ತಡವಾಗಿ ಎಂದುಕೊಂಡೆ.

ಬಿಸಿಲು ಕೂತಿದ್ದ ಕಡೆಯೇ ಮಣೆ ಹಾಕಿ ಕೂತೆ.
ಮೊದಲ ಗುಟುಕಿನಲ್ಲಿ ಬರೀ ಬಿಸಿ.
ಎರಡನೆಯದರಲ್ಲಿ ಉಪ್ಪು, ಒಂಚೂರು ಹುಳಿ.
ಬದಲಿ ಗುಮಾಸ್ತನ ಹಾಗೆ ನಾಲಿಗೆಯೊಂದೇ
ಎಲ್ಲ ಕಡತವನ್ನೂ ತಾನೇ ತಿರುವುತ್ತಿತ್ತು.
ಸ್ಯಾಂಡ್‌ವಿಚ್ಚನ್ನು ಅದ್ದಿ ಕಚ್ಚಿದೆ:
ಗರಿ, ಮೆತು, ಗರಿ.

ಮೆಣಸು ಏರಿತು. ಕಣ್ಣು ತುಂಬಿತು.
ಸೆರಗಿನಿಂದ ಮೂಗು ಒರೆಸಿಕೊಳ್ಳುವಾಗ
ಒಳಗೆಲ್ಲೋ ಒಂದು ಎಳೆಯಷ್ಟು ಬಿರುಕು,
ಅದರೊಳಗಿಂದ ನುಸುಳಿ ಬಂತು
ನಾಲ್ಕು ದಿನದ ಮೇಲಿನ ಮೊದಲ ವಾಸನೆ.
ಗಂಧವಲ್ಲ, ಕೇದಗೆಯಲ್ಲ.
ಸೀದ ಬ್ರೆಡ್ಡಿನ ಅಂಚು.

ಇಷ್ಟು ಒಳ್ಳೆಯದನ್ನು
ಯಾವ ಸೀಸೆಯಲ್ಲೂ ಕಂಡಿರಲಿಲ್ಲ.

ಸಂಜೆ ಪುಟ್ಟಮಾದಪ್ಪನವರ ಫೋನು:
"ಮೂಗು ಬಂತೇನವ್ವ?"
"ಇನ್ನೂ ಇಲ್ಲ" ಎಂದೆ.
ಅರ್ಧ ಬ್ರೆಡ್ಡು ಉಳಿದಿತ್ತು.